ಅರಸನ ಕತ್ತಿ, ಪ್ರಜೆಯ ಪಾಲು

ಭಟ್ಕಳ, ಹೊನ್ನಾವರ, ಕುಮಟಾಗಳ ಗತವೈಭವವನ್ನು ಸ್ಮರಿಸುವಾಗ ನಮ್ಮ ಕಣ್ಣೆದುರು ನಿಲ್ಲುವುದು ಅರಬೀ ಕುದುರೆಗಳನ್ನಿಳಿಸುತ್ತಿದ್ದ ಹಡಗುಗಳು, ಕಾಳುಮೆಣಸಿನ ರಾಶಿಗಳು, ಗೇರುಸೊಪ್ಪೆಯ ಚತುರ್ಮುಖ ಬಸದಿ. ಅದು ಯುಕ್ತವೇ, ಆ ಕೀರ್ತಿಗೆ ನಾವು ಉತ್ತರಾಧಿಕಾರಿಗಳು. ಆದರೆ ಪಿತ್ರಾರ್ಜಿತವನ್ನು ಪಡೆದವನು ಪಿತೃಗಳ ಋಣವನ್ನೂ ಹೊರಬೇಕೆಂಬುದು ಧರ್ಮಶಾಸ್ತ್ರದ ಹಳೆಯ ನ್ಯಾಯ. ಶರಾವತಿ, ಅಘನಾಶಿನಿಗಳ ಅಳಿವೆಗಳಲ್ಲಿ ನಡೆದ ಯುದ್ಧಗಳನ್ನೆಲ್ಲ ನಾವು ಅರಸರ ಲೆಕ್ಕಕ್ಕೆ ಬರೆದು ನಿಶ್ಚಿಂತರಾಗಿದ್ದೇವೆ. ಅರಸರ ಆಜ್ಞೆಯನ್ನು ನೆರವೇರಿಸಿದ ಕೈಗಳು ಮಾತ್ರ ಈ ನೆಲದವೇ ಆಗಿದ್ದವು.

1479ನೆಯ ವರ್ಷವನ್ನೇ ನೋಡೋಣ. ವಿಜಯನಗರದಲ್ಲಿ ಸಂಗಮ ವಂಶದ ದೀಪ ಆರುತ್ತಿತ್ತು. ಸಿಂಹಾಸನದಲ್ಲಿ ವಿರೂಪಾಕ್ಷನಿದ್ದ, ಆ ಹೆಸರಿನ ಎರಡನೆಯವನು. ಅಶ್ವಬಲವೇ ದಖ್ಖನಿನ ರಾಜ್ಯಗಳ ಭಾಗ್ಯವನ್ನು ನಿರ್ಣಯಿಸುತ್ತಿದ್ದ ಕಾಲವದು. ಭಟ್ಕಳದ ಮುಸಲ್ಮಾನ ವರ್ತಕರು ವೈರಿಯಾದ ಬಹಮನಿ ಸುಲ್ತಾನನಿಗೂ ಕುದುರೆ ಮಾರುತ್ತಾರೆಂಬ ಸುದ್ದಿ ಹಂಪೆಗೆ ತಲುಪಿತು. ಅವರನ್ನು ನಿರ್ನಾಮಗೊಳಿಸಬೇಕೆಂದು ಹೊನ್ನಾವರದ ಸಾಮಂತನಿಗೆ ಆಜ್ಞೆ ಇಳಿಯಿತು. ಸತ್ತವರು ಹತ್ತು ಸಾವಿರಕ್ಕೂ ಮಿಕ್ಕಿ ಎನ್ನುತ್ತಾನೆ ಪೋರ್ಚುಗೀಸ್ ಇತಿಹಾಸಕಾರ ಬಾರೋಸ್. ಅವನ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಕೃತ್ಯವನ್ನು ಸಂಶಯಿಸಲು ಕಾರಣವೂ ಇಲ್ಲ. ಉಳಿದವರು ಉತ್ತರಕ್ಕೆ ಹೋಗಿ ಗೋವೆಯ ತಿಸ್ವಾಡಿ ದ್ವೀಪದಲ್ಲಿ ಆಶ್ರಯ ಪಡೆದರು. ವಿರೂಪಾಕ್ಷನೂ ಬಹುಕಾಲ ಬಾಳಲಿಲ್ಲ. ಆರೇ ವರ್ಷಗಳಲ್ಲಿ ಸ್ವಂತ ಮಗನ ಕೈಯಲ್ಲೇ ಹತನಾದ, ರಾಜ್ಯ ಸಾಳುವ ನರಸಿಂಹನ ಪಾಲಾಯಿತು. ಇದನ್ನು ದೈವದ ತೀರ್ಪೆಂದು ಓದುವವರಿದ್ದಾರೆ. ನನ್ನ ಮನಸ್ಸು ಮಾತ್ರ ಭಟ್ಕಳದ ಕೇರಿಗಳಲ್ಲೇ ನಿಲ್ಲುತ್ತದೆ. ಆಜ್ಞೆಯೇನೋ ಹಂಪೆಯಿಂದ ಬಂದೀತು. ಯಾವ ಕೇರಿಯಲ್ಲಿ ಯಾರ ಮನೆಯೆಂಬುದು ಹಂಪೆಗೆ ಗೊತ್ತಿತ್ತೆ? ಅದನ್ನು ಬಲ್ಲವರು ನೆರೆಹೊರೆಯವರು. ದೊರೆಯನ್ನು ಆರಿಸುವ, ಇಳಿಸುವ ಅಧಿಕಾರ ಅವರಿಗಿರಲಿಲ್ಲ ನಿಜ. ಬಾಗಿಲು ತೋರಿಸದಿರುವಷ್ಟು ಸ್ವಾತಂತ್ರ್ಯವಾದರೂ ಇದ್ದಿರಬೇಕು.

ಆಮೇಲೆ ಪಶ್ಚಿಮದಿಂದ ಫಿರಂಗಿಗಳು ಬಂದರು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಅಳಿವೆಯನ್ನು ಬೆಂಕಿ ಗುಂಡುಗಳಿಂದ ನಡುಗಿಸಿ ಕಪ್ಪವನ್ನು ಒಪ್ಪಿಸಿಕೊಂಡ: ನಾವಿಕರ ಊಟಕ್ಕೆ ವರ್ಷಕ್ಕೆ ಸಾವಿರ ಹೊರೆ ಅಕ್ಕಿ, ಕಪ್ತಾನರಿಗೆಂದೇ ಐನೂರು ಹೊರೆ ಉತ್ತಮ ಅಕ್ಕಿ. ಗದ್ದೆಯಲ್ಲಿ ಬೆಳೆದು, ಹುಲ್ಲಿನ ಮುಡಿ ಕಟ್ಟಿ, ರೇವಿಗೆ ಹೊತ್ತು ತಂದ ಒಕ್ಕಲಿನ ಅಕ್ಕಿ ಕಲ್ಲಿಕೋಟೆಯ ಮೇಲೆ ಗುಂಡು ಹಾರಿಸುವವರ ಹೊಟ್ಟೆ ಸೇರಿತು. ಆ ಒಕ್ಕಲನ್ನು ಹೊಣೆಗಾರನೆಂದು ಕರೆಯುವ ಧೈರ್ಯ ನನಗಿಲ್ಲ. ತೋಪಿನ ಬಾಯಿಗೆ ಕೊಟ್ಟ ಅಕ್ಕಿಯದು. ಹೊನ್ನಾವರದ ತಿಮ್ಮೋಜನ ಮಾತು ಬೇರೆ. 1505ರಲ್ಲಿ ಅಂಜದೀವ ದ್ವೀಪದಲ್ಲಿ ಕೋಟೆಗೆ ಅಡಿಪಾಯ ಹಾಕಿ ಬಂದ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಹೊನ್ನಾವರದ ಹಡಗುಗಳನ್ನು ಸುಟ್ಟಾಗ ಸಂಧಾನಕ್ಕೆ ನಿಂತವನು ಈ ನೌಕಾನಾಯಕನೇ. ಐದು ವರ್ಷಗಳ ಬಳಿಕ, ಬೇರೆಡೆಗೆ ಹೊರಟಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನ ನೌಕಾಬಲವನ್ನು ಗೋವೆಯತ್ತ ತಿರುಗಿಸಿದವನೂ ಅವನೇ. ಆದಿಲ್‌ಶಾಹಿಯ ಕಾವಲು ಸಡಿಲವಾಗಿದೆ, ಇದೇ ಸಮಯ ಎಂಬುದು ಅವನ ಸಲಹೆ. ಅವನನ್ನು ತೋಪು ಬೆದರಿಸಿರಲಿಲ್ಲ, ಮಹತ್ವಾಕಾಂಕ್ಷೆ ಕರೆದಿತ್ತು. ಒಮ್ಮೆ ಗೆದ್ದು, ಕಳೆದುಕೊಂಡು, 1510ರ ನವೆಂಬರ್ 25ರಂದು ಗೋವೆಯನ್ನು ಮತ್ತೆ ಹಿಡಿದ ಅಲ್ಬುಕರ್ಕ್ ಅಲ್ಲಿಯ ಮುಸಲ್ಮಾನರನ್ನು ನಾಲ್ಕು ದಿನ ಕೊಲ್ಲಿಸಿದ. ಆರು ಸಾವಿರ ಮಂದಿಯನ್ನು ಕೊಂದೆವೆಂದು ತನ್ನ ದೊರೆ ಮ್ಯಾನುಯೆಲ್‌ಗೆ ತಾನೇ ಬರೆದ. ಭಟ್ಕಳದ ಕತ್ತಿಯಿಂದ ಪಾರಾಗಿ ಓಡಿದವರ ಮಕ್ಕಳು ಆ ನಗರದಲ್ಲಿದ್ದರು. ಅವರಿಗೆ ಎರಡು ಸಲವೂ ಮೃತ್ಯು ಹೊನ್ನಾವರದ ದಾರಿಯಿಂದಲೇ ಬಂತು. ತಿಮ್ಮೋಜನಿಗೆ ದಕ್ಕಿದ್ದು ಅಲ್ಪಕಾಲದ ಕಂದಾಯದ ಅಧಿಕಾರ.

ಮುಂದಿನ ಶತಮಾನಗಳನ್ನು ಬೇಗನೆ ದಾಟುತ್ತೇನೆ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ಭಟ್ಕಳವನ್ನು ಸುಟ್ಟ. ಚೆನ್ನಭೈರಾದೇವಿ ಅರ್ಧ ಶತಮಾನ ಗೇರುಸೊಪ್ಪೆಯನ್ನಾಳಿ ಫಿರಂಗಿಗಳಿಗೂ ಕೆಳದಿಗೂ ಎದುರು ನಿಂತು, ಕೊನೆಗೆ ಕೆಳದಿಗೇ ಸೋತಳು. ಕೆಳದಿಯನ್ನು 1763ರಲ್ಲಿ ಮೈಸೂರಿನ ಹೈದರನು ನುಂಗಿದ.

ಈ ಕರಾವಳಿಯ ಯುದ್ಧಚರಿತ್ರೆಯಲ್ಲಿ ಮತಪತ್ರ ಮೊದಲ ಬಾರಿಗೆ ಕಾಣಿಸಿಕೊಂಡದ್ದು ಇದಾದ ಮೇಲೆ, ಅದೂ ನಮ್ಮ ಕೈಯಲ್ಲಲ್ಲ. 1782ರ ಕೊನೆಗೆ ಬೊಂಬಾಯಿಯಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಮಟೆಯ ಬಳಿ ಅಘನಾಶಿನಿಯ ಬಾಯಲ್ಲಿರುವ ರಾಜಮಂದುರ್ಗವನ್ನು ಹಿಡಿದು, 1783ರ ಜನವರಿಯಲ್ಲಿ ಹೊನ್ನಾವರದ ಕೋಟೆಗೆ ಲಗ್ಗೆ ಹಾಕಿದ. ಘಟ್ಟ ಹತ್ತಿ ಬಿದನೂರನ್ನೂ ಅನಂತಪುರವನ್ನೂ ಸೂರೆಗೈದ. ಅನಂತಪುರದ ಕ್ರೌರ್ಯದ ವರದಿ ಲಂಡನ್ನಿನಲ್ಲಿ ಅಚ್ಚಾದಾಗ ಅವನ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಟಿಪ್ಪು ಬಿದನೂರನ್ನು ಮರಳಿ ಗೆದ್ದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿ ಸತ್ತ. ಕ್ಯಾಪ್ಟನ್ ಟೊರಿಯಾನೊ ಮುತ್ತಿಗೆಯೊಳಗೆ ಹೊನ್ನಾವರವನ್ನು ತಿಂಗಳುಗಟ್ಟಲೆ ಹಿಡಿದು ಕೂತ. 1784ರ ಮಂಗಳೂರು ಒಪ್ಪಂದ ಕದನವನ್ನು ನಿಲ್ಲಿಸುವ ಹೊತ್ತಿಗೆ ಕೋಟೆಯೊಳಗಿನವರನ್ನು ಹಸಿವೂ ವ್ಯಾಧಿಯೂ ಸವೆಸಿದ್ದವು. ಈ ಸೈನ್ಯದ ಒಡೆಯರು ಯಾರು? ಕಂಪನಿಯ ಇಪ್ಪತ್ನಾಲ್ಕು ನಿರ್ದೇಶಕರು. ಅವರನ್ನು ಆರಿಸುತ್ತಿದ್ದವರು ಲಂಡನ್ನಿನ ಪಾಲುದಾರರು. 1773ರ ಕಾಯಿದೆಯ ಪ್ರಕಾರ ಸಾವಿರ ಪೌಂಡಿನ ಪಾಲಿಗೆ ಒಂದು ಮತ, ಮೂರು ಸಾವಿರಕ್ಕೆ ಎರಡು, ಹತ್ತು ಸಾವಿರಕ್ಕೆ ನಾಲ್ಕು. ಲೆಡನ್‌ಹಾಲ್ ಬೀದಿಯ ಆ ಸಭಾಂಗಣದಲ್ಲಿ ಹೊನ್ನಾವರ ಎಲ್ಲಿದೆಯೆಂದು ಎಷ್ಟು ಮಂದಿ ಬಲ್ಲವರಿದ್ದರೋ! ಶೇಕಡಾ 8ರ ಲಾಭಾಂಶವನ್ನು ಮಾತ್ರ ಎಲ್ಲರೂ ಬಲ್ಲವರಾಗಿದ್ದರು. ಭಟ್ಕಳದ ಒಕ್ಕಲಿಗೆ ಭಯವಿತ್ತು, ಹೊನ್ನಾವರದ ಸೈನಿಕನಿಗೆ ಸಾಮಂತನ ಆಜ್ಞೆಯಿತ್ತು. ಈ ಪಾಲುದಾರನಿಗೆ ಎರಡೂ ಇರಲಿಲ್ಲ; ಪ್ರಶ್ನಿಸುವ ಹಕ್ಕಿತ್ತು, ಬದಲಿಸುವ ಮತವಿತ್ತು. ನನ್ನ ತಕ್ಕಡಿಯಲ್ಲಿ ಇವರೆಲ್ಲರಿಗಿಂತ ಭಾರವಾಗಿ ತೂಗುವುದು ಅವನ ಅಪರಾಧವೇ.

ಆ ಮತ ನಮ್ಮ ಕೈಗೆ ಬರಲು ಒಂದೂವರೆ ಶತಮಾನ ಬೇಕಾಯಿತು. 1937ರಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯ ಸೀಮಿತ ಮತದಾರರು ಆರಿಸಿದ ಶಾಸನಸಭೆಯಿಂದ ಬಿ.ಜಿ. ಖೇರರ ಮಂತ್ರಿಮಂಡಲ ರಚನೆಯಾಯಿತು. 1939ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಯಾರನ್ನೂ ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಇಳಿಸಿದಾಗ, ಎರಡು ತಿಂಗಳೊಳಗೆ ಆ ಮಂತ್ರಿಮಂಡಲ ಪದತ್ಯಾಗ ಮಾಡಿತು. ತಮ್ಮನ್ನು ಕೇಳದ ಯುದ್ಧ ತಮ್ಮದಲ್ಲ ಎಂದು ಹೇಳುವ ಗೌರವ ಆ ತಲೆಮಾರಿಗೆ ದಕ್ಕಿತು. ಸ್ವರಾಜ್ಯದಲ್ಲಿ ಆ ನೆಪ ಉಳಿಯಲಿಲ್ಲ. 1961ರ ಡಿಸೆಂಬರ್ 18ರಂದು ಭಾರತದ ನಾವಿಕರು ಕಾರವಾರದೆದುರಿನ ಅಂಜದೀವಕ್ಕೆ, ಅಲ್ಮೇಡ ಕೋಟೆ ಕಟ್ಟಿಸಿದ ಅದೇ ದ್ವೀಪಕ್ಕೆ, ಇಳಿದರು. ನಮ್ಮ ಕಡೆಯ ಏಳು ನಾವಿಕರು ಅಲ್ಲಿ ಮಡಿದರು. ಮರುದಿನ ಗೋವೆಯಲ್ಲಿ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ಎರಡು ತಿಂಗಳಲ್ಲೇ ಬಂದ ಮಹಾಚುನಾವಣೆಯಲ್ಲಿ ನಮ್ಮ ಕೆನರಾ ಕ್ಷೇತ್ರ ಆಡಳಿತ ಪಕ್ಷದ ಜೋಕಿಂ ಆಳ್ವರನ್ನು ಮೂರನೆಯ ಬಾರಿ ಲೋಕಸಭೆಗೆ ಕಳಿಸಿತು. ಉತ್ತರ ಮುಂಬಯಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ರನ್ನು ಭಾರೀ ಬಹುಮತದಿಂದ ಗೆಲ್ಲಿಸಿತು. ಗೋವೆಯ ವಿಜಯ ನಮ್ಮೆಲ್ಲರದೂ ಆಯಿತು. ಚುನಾವಣೆ ನಡೆದ ಅದೇ ವರ್ಷದ ಅಕ್ಟೋಬರಿನಲ್ಲಿ ಹಿಮಾಲಯದಲ್ಲಿ ಚೀನದೆದುರು ಸೋತಾಗ, ಸೋಲನ್ನೆಲ್ಲ ಮೆನನ್ ಒಬ್ಬರ ಹೆಸರಿಗೇ ಬರೆದೆವು.