ವರೋವಾ ನುಸಿ ಮತ್ತು ಇರುವೆಯ ಆಮ್ಲ: ಒಂದು ಚಾರಿತ್ರಿಕ ಅವಲೋಕನ

ಜೇನು ಸಾಕಣೆಯ ಆಧುನಿಕ ಚರಿತ್ರೆಯಲ್ಲಿ ವರೋವಾ ನುಸಿಯ ಹರಡುವಿಕೆ ಒಂದು ಪ್ರಮುಖ ಘಟ್ಟ. ಈ ನುಸಿ ಮೂಲತಃ ಏಷ್ಯಾದ ತುಡುವೆ ಜೇನಿನ ಪರಾವಲಂಬಿ. ಜಾವಾ ದ್ವೀಪದಲ್ಲಿ ದೊರೆತ ಮಾದರಿಗಳ ಆಧಾರದಿಂದ ಡಚ್ ವಿಜ್ಞಾನಿ ಔಡೆಮಾನ್ಸ್ 1904ರಲ್ಲಿ ಇದನ್ನು ವರ್ಣಿಸಿ, ವರೋವಾ ಜಾಕಬ್ಸೋನಿ ಎಂದು ಹೆಸರಿಸಿದನು. ತುಡುವೆಯ ಗೂಡಿನಲ್ಲಿ ನುಸಿಯ ಸಂತಾನೋತ್ಪತ್ತಿ ಬಹುಮಟ್ಟಿಗೆ ಗಂಡುನೊಣಗಳ ಮರಿಕೋಣೆಗಳಿಗೆ ಸೀಮಿತ. ಕೆಲಸಗಾರ ನೊಣಗಳು ಮೈಗೆ ಅಂಟಿದ ನುಸಿಯನ್ನು ಕಿತ್ತುಹಾಕುತ್ತವೆ. ಹೀಗಾಗಿ ಅಲ್ಲಿ ನುಸಿಯೂ ಉಳಿಯಿತು, ಜೇನೂ ಉಳಿಯಿತು.

ಈ ಸಮತೋಲ ಕದಡಿದ್ದು ಮನುಷ್ಯನಿಂದ. ವಲಸಿಗರು ಐರೋಪ್ಯ ಮೆಲ್ಲಿಫೆರಾ ಜೇನನ್ನು ರಷ್ಯಾದ ದೂರಪ್ರಾಚ್ಯಕ್ಕೆ ಒಯ್ದರು; ಜಪಾನಿಗೂ ಆ ಜೇನು ಆಮದಾಯಿತು. ಅಲ್ಲಿ ನುಸಿ ತುಡುವೆಯಿಂದ ಮೆಲ್ಲಿಫೆರಾಕ್ಕೆ ದಾಟಿತು. ಹೊಸ ಆಶ್ರಯದಾತೆಯಲ್ಲಿ ಕೆಲಸಗಾರ ನೊಣಗಳ ಮರಿಕೋಣೆಗಳಲ್ಲಿಯೂ ಅದು ವೃದ್ಧಿಗೊಂಡಿತು. ಜೇನುಕುಟುಂಬಗಳ ಸಾಗಾಟದೊಡನೆ ಅದು 1977ರಲ್ಲಿ ಜರ್ಮನಿಯಲ್ಲಿ, 1987ರಲ್ಲಿ ಅಮೆರಿಕದಲ್ಲಿ, 1992ರಲ್ಲಿ ಬ್ರಿಟನ್ನಿನಲ್ಲಿ ಕಂಡುಬಂದಿತು. ಹಾನಿಕಾರಕವಾದದ್ದು ಬೇರೆಯೇ ಪ್ರಭೇದವೆಂದು ಗುರುತಿಸಿ, ಆಂಡರ್‌ಸನ್ ಮತ್ತು ಟ್ರೂಮನ್ 2000ದಲ್ಲಿ ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂಬ ಹೆಸರನ್ನಿತ್ತರು.

ಚಿಕಿತ್ಸೆಗೆ ಬಳಕೆಯಾದ ಫಾರ್ಮಿಕ್ ಆಮ್ಲದ ಚರಿತ್ರೆ ಇನ್ನೂ ಹಳೆಯದು. ಇರುವೆಗಳನ್ನು ಭಟ್ಟಿಯಿಳಿಸಿ ದೊರೆತ ಈ ಆಮ್ಲವನ್ನು 1671ರಲ್ಲಿ ಜಾನ್ ರೇ ವರದಿ ಮಾಡಿದ್ದನು. ಲ್ಯಾಟಿನ್ನಿನ 'ಇರುವೆ' ಎಂಬ ಪದದಿಂದಲೇ ಅದಕ್ಕೆ ಆ ಹೆಸರು. 1980ರ ದಶಕದಲ್ಲಿ ಜರ್ಮನಿಯಲ್ಲಿ, ಆಮ್ಲವನ್ನು ಹೀರಿಕೊಂಡ ಫಲಕಗಳನ್ನು ಪೆಟ್ಟಿಗೆಯೊಳಗಿಡುವ ಕ್ರಮ ರೂಢಿಗೆ ಬಂದಿತು. ಅದರ ಆವಿ ಮರಿಕೋಣೆಯ ಮೇಣದ ಮುಚ್ಚಳವನ್ನೂ ದಾಟಿ ಒಳಗಡಗಿದ ನುಸಿಯನ್ನು ಕೊಲ್ಲುತ್ತದೆ. ಇದೇ ಅದರ ವಿಶೇಷ. ಫ್ಲುವಾಲಿನೇಟ್ ಮುಂತಾದ ಸಂಶ್ಲೇಷಿತ ಔಷಧಗಳಿಗೆ ನುಸಿ ಪ್ರತಿರೋಧ ಬೆಳೆಸಿಕೊಂಡ ಮೇಲೆ ಈ ಆಮ್ಲದ ಮಹತ್ವ ಇನ್ನಷ್ಟು ಹೆಚ್ಚಿತು. ಆದರೆ ಬಿಸಿಲು ಏರಿದಾಗ ಆವಿಯೂ ಮಿತಿಮೀರಿ, ಮರಿಗಳೂ ರಾಣಿಯೂ ಸಾಯುವ ಅಪಾಯವುಂಟು. ಶೀತ ದೇಶದಲ್ಲಿ ರೂಪುಗೊಂಡ ಕ್ರಮವನ್ನು ಉಷ್ಣಪ್ರದೇಶಕ್ಕೆ ಯಥಾವತ್ತಾಗಿ ಅನ್ವಯಿಸುವಂತಿಲ್ಲ.

ಭಾರತಕ್ಕೂ ಈ ಪ್ರಶ್ನೆ ಸಂಬಂಧಿಸಿದೆ. 1960ರ ದಶಕದಲ್ಲಿ ನಗ್ರೋಟಾ ಬಗವಾನ್‌ನಲ್ಲಿ ಮೆಲ್ಲಿಫೆರಾ ನೆಲೆಗೊಂಡಿತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ಕರ್ನಾಟಕದ ತುಡುವೆ ಕುಟುಂಬಗಳನ್ನು ನಾಶಗೊಳಿಸಿದ ಬಳಿಕ ಮೆಲ್ಲಿಫೆರಾ ಸಾಕಣೆ ಇಲ್ಲಿಯೂ ಹಬ್ಬಿತು. ಅದರೊಡನೆ ನುಸಿ ನಿಯಂತ್ರಣದ ಹೊಣೆಯೂ ಬಂದಿತು. ಆಮ್ಲವು ನುಸಿಯನ್ನು ಕೊಲ್ಲಬಲ್ಲದು; ತುಡುವೆ ಸಹಸ್ರಾರು ವರ್ಷಗಳಲ್ಲಿ ಸಾಧಿಸಿದ ಸಮತೋಲವನ್ನು ಮೆಲ್ಲಿಫೆರಾಕ್ಕೆ ಕೊಡಲಾರದು. ಆದ್ದರಿಂದ ಚಿಕಿತ್ಸೆಯಷ್ಟೇ ಮುಖ್ಯವಾದದ್ದು ದೇಶೀಯ ತುಡುವೆಯ ಸಂರಕ್ಷಣೆ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.