ಕುದುರೆಲಾಯದಿಂದ ಖರಾಡಿಯವರೆಗೆ: ಪುಣೆ ಸೀಮೆಯಲ್ಲಿ ಪಶುವೈದ್ಯ ವೃತ್ತಿ ಕವಲೊಡೆದ ಬಗೆ

ಪುಣೆ ನಗರದ ಪೂರ್ವದ ಅಂಚಿನಲ್ಲಿ, ಮುಳಾ-ಮುಠಾ ನದಿಯ ಎಡದಂಡೆಯ ಮೇಲಿರುವ ಖರಾಡಿ ಇಂದು ಇಯಾನ್ ಐಟಿ ಪಾರ್ಕ್ ಹಾಗೂ ವರ್ಲ್ಡ್ ಟ್ರೇಡ್ ಸೆಂಟರ್‌ಗಳ ಬಡಾವಣೆ. ಎರಡು ತಲೆಮಾರಿನ ಹಿಂದೆ ಅದು ‘ನಗರ್ ರೋಡ್’ ಎಂಬ ಹೆದ್ದಾರಿಯ ಬದಿಯ ಬೇಸಾಯದ ಹಳ್ಳಿ. ಹಳ್ಳಿಯಾಗಿದ್ದಾಗ ಅಲ್ಲಿಗೆ ಬೇಕಾಗಿದ್ದವರು ಎತ್ತಿನ ಕಾಲು, ಎಮ್ಮೆಯ ಕೆಚ್ಚಲು ನೋಡುವ ದನದ ಡಾಕ್ಟರು. ಈಗ ಬೇಕಾಗಿರುವವರು ಲ್ಯಾಬ್ರಡಾರ್ ನಾಯಿಯ ಕೀಲು, ಬೆಕ್ಕಿನ ಮೂತ್ರಪಿಂಡ ನೋಡುವವರು. ಒಂದೇ ಪದವಿಯ ಒಳಗೆ ಇಷ್ಟು ದೂರದ ಎರಡು ಕೆಲಸಗಳು ಹೇಗೆ ಸೇರಿಕೊಂಡವು ಎಂಬುದಕ್ಕೆ ಉತ್ತರ ಪುಣೆಯ ಸುತ್ತಮುತ್ತಲೇ ಸಿಗುತ್ತದೆ. ಭಾರತದ ಪಶುವೈದ್ಯ ವೃತ್ತಿಯ ಮುಖ್ಯ ಕವಲುಗಳಲ್ಲಿ ಹೆಚ್ಚಿನವು ಈ ಸೀಮೆಯಲ್ಲಿ ಒಂದಲ್ಲ ಒಂದು ಕಾಲಕ್ಕೆ ಬೇರುಬಿಟ್ಟಿವೆ. ಪ್ರತಿ ಸಲವೂ ಹೊಸ ವಿಶೇಷಜ್ಞತೆಯನ್ನು ಹುಟ್ಟಿಸಿದ್ದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಆ ಕಾಲಕ್ಕೆ ಬೆಲೆಬಾಳುತ್ತಿದ್ದ ಪ್ರಾಣಿ ಮತ್ತು ಅದರ ಚಿಕಿತ್ಸೆಗೆ ದುಡ್ಡು ಬಿಚ್ಚಬಲ್ಲ ಒಡೆಯ.

ಪ್ರಾಣಿಗೊಬ್ಬ ವೈದ್ಯ ಎಂಬ ವಿಂಗಡಣೆ ಬ್ರಿಟಿಷರು ತಂದದ್ದೇನಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ, ಮುಂದೆ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ದನಕ್ಕೊಂದು ಶಾಸ್ತ್ರ, ಕುದುರೆಗೊಂದು ಶಾಸ್ತ್ರ. ಮೈಸೂರಿನ ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದಾಗಲೂ ಅದರ ಹಿಂದಿದ್ದದ್ದು ಇದೇ ಲೆಕ್ಕ: ತೋಪಿನ ಗಾಡಿ ಎಳೆಯುವ ಎತ್ತು ರಾಜ್ಯದ ಸ್ವತ್ತು, ಹಾಗಾಗಿ ಅದರ ಆರೈಕೆಯೂ ರಾಜ್ಯದ ಇಲಾಖೆಯ ಹೊಣೆ.

ಆಧುನಿಕ ಶಿಕ್ಷಣವೂ ಸೈನ್ಯದ ಲಾಯದಿಂದಲೇ ಹೊರಟಿತು. ಯುರೋಪಿನಲ್ಲಿ ಮೊದಲ ಪಶುವೈದ್ಯ ಶಾಲೆ 1760ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ತೆರೆಯಿತು. ಅಲ್ಲಿ ಓದಿದ ವಿಲಿಯಂ ಮೂರ್‌ಕ್ರಾಫ್ಟ್ 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪೂಸಾ ಕುದುರೆ ಕ್ಷೇತ್ರದ ಮೇಲ್ವಿಚಾರಕನಾಗಿ ಬಿಹಾರಕ್ಕೆ ಬಂದ. ಪುಣೆಯಲ್ಲಿ ಸೈನಿಕ ಪಶುವೈದ್ಯ ಶಾಲೆ ಶುರುವಾದದ್ದು 1862ರಲ್ಲಿ. ಅಶ್ವದಳಗಳು ಬೀಡುಬಿಟ್ಟಿದ್ದ ಊರಿನಲ್ಲಿ ಕುಂಟುವ ಕುದುರೆ ಎಂದರೆ ನೇರ ನಷ್ಟ. ಆದ್ದರಿಂದ ಅಲ್ಲಿ ಕಲಿಸಿದ್ದು ಲಾಳ, ಗೊರಸು, ಕಾಲಿನ ಸ್ನಾಯು, ಹೊಟ್ಟೆನೋವು. ಸೈನ್ಯದ ಲಾಯಗಳಲ್ಲಿ ಪರಂಪರೆಯಿಂದ ಈ ಕೆಲಸ ಮಾಡುತ್ತಿದ್ದ ಸಾಲೋತ್ರಿಗಳ ಅನುಭವಕ್ಕೆ ಇಲ್ಲಿ ಅಂಗರಚನಾಶಾಸ್ತ್ರದ ಪಾಠ ಸೇರಿತು. ದನದ ರೋಗ ಈ ಶಾಲೆಯ ಕಣ್ಣಿಗೆ ಬೀಳಲಿಲ್ಲ ಎಂದರೆ ಹೆಚ್ಚಿನ ಮಾತಾಗದು.

ದನ ಕಣ್ಣಿಗೆ ಬಿದ್ದದ್ದು ದೊಡ್ಡರೋಗದಿಂದ. ಹಳ್ಳಿಗೆ ಹಳ್ಳಿಯನ್ನೇ ಬರಿದು ಮಾಡುತ್ತಿದ್ದ ಈ ಪಿಡುಗಿನ ಬಗ್ಗೆ ವಿಚಾರಿಸಲು 1868ರಲ್ಲಿ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ ಅಧ್ಯಕ್ಷ ಜೆ.ಎಚ್.ಬಿ. ಹ್ಯಾಲೆನ್ ಪುಣೆಯ ಸೈನಿಕ ಶಾಲೆಯನ್ನು ನಡೆಸುತ್ತಿದ್ದವನೇ. 1871ರ ವರದಿ ಸತ್ತ ದನಗಳ ಲೆಕ್ಕಕ್ಕೆ ನಿಲ್ಲದೆ, ಸೈನ್ಯಕ್ಕೆ ಸೇರದ ಪಶುವೈದ್ಯರ ಅಗತ್ಯವನ್ನೂ ಮುಂದಿಟ್ಟಿತು. ಕುದುರೆಯ ವೈದ್ಯನೊಬ್ಬ ದನದ ವೈದ್ಯನ ಹುದ್ದೆಗೆ ವಾದ ಹೂಡಿದ ಈ ಪ್ರಸಂಗ ವೃತ್ತಿಯ ಇತಿಹಾಸದಲ್ಲಿ ಸಿಗಬೇಕಾದಷ್ಟು ಗಮನ ಪಡೆದಿಲ್ಲ. ನಂತರದ ಬೆಳವಣಿಗೆ ವೇಗವಾಗಿ ನಡೆಯಿತು: 1882ರಲ್ಲಿ ಲಾಹೋರ್, 1886ರಲ್ಲಿ ಮುಂಬಯಿಯ ಪರೇಲ್, 1893ರಲ್ಲಿ ಕಲಕತ್ತೆ, 1903ರಲ್ಲಿ ಮದ್ರಾಸಿನ ಕಾಲೇಜುಗಳು ತೆರೆದವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿನವರ ಪಾಲಿನ ಕಾಲೇಜು ಪರೇಲಿನದು; ಮೈಸೂರಿಗೆ ಹತ್ತಿರದ್ದು ಮದ್ರಾಸು. ಹೆಸರಿನ ಮುಂದೆ ಮುಂಬಯಿಯ ಜಿ.ಬಿ.ವಿ.ಸಿ. ಇದೆಯೋ ಮದ್ರಾಸಿನ ಜಿ.ಎಂ.ವಿ.ಸಿ. ಇದೆಯೋ ಎಂಬುದರಿಂದ ವೈದ್ಯರು ಯಾವ ಗರಡಿಯವರೆಂದು ತಿಳಿಯುತ್ತಿತ್ತು. ಕನ್ನಡನಾಡಿನ ಒಳಗೇ ಕಾಲೇಜು ಬಂದದ್ದು 1958ರಲ್ಲಿ, ಹೆಬ್ಬಾಳದಲ್ಲಿ.

ಪುಣೆಯ ಎರಡನೆಯ ಕೊಡುಗೆ ಪ್ರಯೋಗಾಲಯದ ಪಶುವೈದ್ಯ. 1889ರ ಡಿಸೆಂಬರ್ 9ರಂದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಆರಂಭವಾಯಿತು. ಮುಂದೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆದದ್ದು ಇದೇ. ಇದರ ಮೊದಲ ಮುಖ್ಯಸ್ಥ ಆಲ್ಫ್ರೆಡ್ ಲಿಂಗಾರ್ಡ್ ಪಶುವೈದ್ಯನಲ್ಲ, ಮನುಷ್ಯರ ವೈದ್ಯ. ಸೂಕ್ಷ್ಮಜೀವಿಶಾಸ್ತ್ರ ಆಗಷ್ಟೇ ಕಣ್ಣುಬಿಟ್ಟಿದ್ದ ಕಾಲದಲ್ಲಿ ಎರಡು ವೈದ್ಯಗಳ ನಡುವಿನ ಗೋಡೆ ಇಂದಿನಷ್ಟು ಗಟ್ಟಿಯಾಗಿರಲಿಲ್ಲ. ಜನ ತುಂಬಿದ ಊರಿನ ನಡುವೆ ಮಾರಕ ರೋಗಾಣುಗಳನ್ನು ಬೆಳೆಸುವುದು ಅಪಾಯ, ಜೊತೆಗೆ ಬಯಲಿನ ಸೆಕೆಯಲ್ಲಿ ರೋಗದ್ರವ್ಯ ಕೆಡದೆ ಉಳಿಯುವುದೂ ಕಷ್ಟ. 1893ರಲ್ಲಿ ಪ್ರಯೋಗಾಲಯ ಕುಮಾವೂಂ ಬೆಟ್ಟದ ಮುಕ್ತೇಶ್ವರಕ್ಕೆ ಹೋಯಿತು. 1897ರಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞ ರಾಬರ್ಟ್ ಕಾಖ್ ಅಲ್ಲಿಗೆ ಭೇಟಿ ಕೊಟ್ಟ.

ಮುಕ್ತೇಶ್ವರದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಹೊಸ ಕವಲಿನ ಸ್ವರೂಪ ತಿಳಿಯುತ್ತದೆ. ದೊಡ್ಡರೋಗದಿಂದ ಚೇತರಿಸಿಕೊಂಡ ಹಸುವಿಗೆ ಮತ್ತೆ ಮತ್ತೆ ರೋಗದ ರಕ್ತ ಚುಚ್ಚಿ ಅದರ ಮೈಯಲ್ಲಿ ಪ್ರತಿರೋಧ ಹೆಚ್ಚಿಸಿ, ಆಮೇಲೆ ರಕ್ತ ತೆಗೆದು ಸೀರಂ ಬೇರ್ಪಡಿಸುತ್ತಿದ್ದರು. ರೋಗ ತಗುಲದ ದನಕ್ಕೆ ಮೈಯ ಒಂದು ಬದಿಗೆ ಈ ಸೀರಂ, ಇನ್ನೊಂದು ಬದಿಗೆ ಜೀವಂತ ರೋಗದ್ರವ್ಯ. ಅಳತೆ ತಪ್ಪಿದರೆ ಲಸಿಕೆಯೇ ರೋಗವಾಗುತ್ತಿತ್ತು. 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ವೈರಾಣುವನ್ನು ಆಡಿನಿಂದ ಆಡಿಗೆ ನೂರಾರು ಸಲ ದಾಟಿಸಿ ಅದರ ಹಲ್ಲು ಕಿತ್ತ. ಆ ಆಡಿನ ಲಸಿಕೆ ದೇಶದ ತುಂಬ ಹರಡಿತು. ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ ಸ್ಥಾಪಿಸಿದ ಸೀರಂ ಸಂಸ್ಥೆ ಇದೇ ಹೋರಾಟದ ಕೂಸು. ಪುಣೆಯ ಔಂಧ್‌ನಲ್ಲಿರುವ ಪಶುವೈದ್ಯ ಜೈವಿಕ ಉತ್ಪನ್ನಗಳ ಸಂಸ್ಥೆ ಅದರ ಮಹಾರಾಷ್ಟ್ರದ ಜೋಡಿ. 1954ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ 1995ರ ನಂತರ ಭಾರತದಲ್ಲಿ ದೊಡ್ಡರೋಗ ಕಾಣಲಿಲ್ಲ. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಸಿಡುಬನ್ನು ಬಿಟ್ಟರೆ ಮನುಷ್ಯ ಬೇರುಸಹಿತ ಕಿತ್ತ ರೋಗ ಇದೊಂದೇ. ಆದರೂ ಈ ಕೆಲಸ ಮಾಡಿದ ಲಸಿಕೆ ತಂಡಗಳ ಹೆಸರು ಶಾಲೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಪ್ರಯೋಗಾಲಯದ ಕವಲಿಗೆ ಪುಣೆಯಲ್ಲಿ ಇನ್ನೊಂದು ಟಿಸಿಲೂ ಒಡೆಯಿತು. ಖರಾಡಿಯಿಂದ ನದಿ ದಾಟಿದರೆ ಸಿಗುವ ಹಡಪಸರದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಇದೆ. ಅದರ ಮೂಲ ಪೂನಾವಾಲಾ ಕುಟುಂಬದ ಪಂದ್ಯದ ಕುದುರೆಗಳ ತಳಿ ಕ್ಷೇತ್ರ. ಓಟಕ್ಕೆ ಒದಗದ ಕುದುರೆಗಳನ್ನು ಮುಂಬಯಿಯ ಹಾಫ್ಕಿನ್ ಸಂಸ್ಥೆ ಸೀರಂ ತಯಾರಿಕೆಗೆ ಬಳಸುತ್ತಿತ್ತು; ಅದೇ ಕೆಲಸವನ್ನು ಇಲ್ಲೇ ಮಾಡಬಾರದೇಕೆ ಎಂಬ ಯೋಚನೆ 1966ರಲ್ಲಿ ಕಂಪನಿಯಾಯಿತು. ಧನುರ್ವಾತದ ಅಥವಾ ಹಾವಿನ ವಿಷದ ಪ್ರತಿವಿಷ ತಯಾರಿಸುವಲ್ಲಿ ಕುದುರೆಗೆ ವಿಷದ ಅತಿ ಸಣ್ಣ ಪ್ರಮಾಣವನ್ನು ಏರುಕ್ರಮದಲ್ಲಿ ಕೊಟ್ಟು, ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಪ್ಲಾಸ್ಮಾ ಉಳಿಸಿಕೊಂಡು ಕೆಂಪು ಕಣಗಳನ್ನು ಅದಕ್ಕೇ ಮರಳಿಸುವ ಕ್ರಮವಿದೆ. ಕುದುರೆಯ ತೂಕ, ಹಿಮೋಗ್ಲೋಬಿನ್, ಚುಚ್ಚಿದ ಜಾಗದ ಬಾವು ಇವನ್ನೆಲ್ಲ ನೋಡಿಕೊಳ್ಳುವವರು ಪಶುವೈದ್ಯರು. ಅಶ್ವವೈದ್ಯನ ಹಳೆಯ ವಿದ್ಯೆ ಹೀಗೆ ಔಷಧ ಉದ್ಯಮದೊಳಗೆ ಹೊಸ ಉದ್ಯೋಗವಾಯಿತು. ಪ್ರಯೋಗಪ್ರಾಣಿ ವೈದ್ಯ ಎಂಬ ಪ್ರತ್ಯೇಕ ದಾರಿಯೂ ಇದರ ಪಕ್ಕದ್ದೇ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಚೌಕಟ್ಟಿನಲ್ಲಿ, ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಪಶುವೈದ್ಯರು ಇರಲೇಬೇಕು.

ಪುಣೆಯನ್ನೂ ಮಲೆನಾಡನ್ನೂ ಒಂದೇ ದಾರದಲ್ಲಿ ಕಟ್ಟಿದ ಘಟನೆ 1957ರದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಟೆಲ್ಫರ್ಡ್ ವರ್ಕ್ ನೇತೃತ್ವದಲ್ಲಿ ಅಲ್ಲಿಗೆ ಧಾವಿಸಿತು. ಮೊದಲ ಅನುಮಾನ ಹಳದಿ ಜ್ವರದ ಮೇಲಿತ್ತು. ಸಿಕ್ಕಿದ್ದು ಜಗತ್ತಿಗೇ ಹೊಸದಾದ, ಉಣುಗುಗಳಿಂದ ಹರಡುವ ವೈರಾಣು. ಮಂಗ ರೋಗಕ್ಕೆ ಬಲಿಯಾಗುತ್ತದೆ, ಸಣ್ಣ ಕಾಡುಪ್ರಾಣಿಗಳು ಎಳೆಯ ಉಣುಗುಗಳನ್ನು ಸಾಕುತ್ತವೆ, ಕಾಡಂಚಿನಲ್ಲಿ ಮೇಯುವ ದನ ಬೆಳೆದ ಉಣುಗಿಗೆ ರಕ್ತ ಒದಗಿಸುತ್ತದೆ. ನಡುವೆ ಸೌದೆಗೆ ಹೋದ ಮನುಷ್ಯನಿಗೆ ಕಡಿತ. ಈ ಸರಪಳಿಯನ್ನು ಮನುಷ್ಯರ ವೈದ್ಯನೊಬ್ಬನೇ ಬಿಡಿಸಲಾರ. ಕೀಟತಜ್ಞ, ಪಶುವೈದ್ಯ, ವೈದ್ಯ ಒಂದೇ ಮೇಜಿಗೆ ಕೂರುವ ಸಾರ್ವಜನಿಕ ಆರೋಗ್ಯದ ಕವಲಿಗೆ ಮಂಗನ ಕಾಯಿಲೆ ದೇಶದಲ್ಲಿ ಮೊದಲ ಪಾಠಗಳಲ್ಲೊಂದಾಯಿತು. ಆ ಕೇಂದ್ರವೇ 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ.

ಸ್ವಾತಂತ್ರ್ಯದ ನಂತರ ಬೆಲೆ ಏರಿದ್ದು ಹಾಲಿನ ಹಸುವಿಗೆ. ಗಾಂಧೀಜಿ 1946ರಲ್ಲಿ ಪುಣೆಯ ಪೂರ್ವಕ್ಕಿರುವ ಉರುಳಿ ಕಾಂಚನ್‌ನಲ್ಲಿ ನಿಸರ್ಗೋಪಚಾರ ಆಶ್ರಮ ತೆರೆದಾಗ ಅದರ ಹೊಣೆ ಹೊತ್ತ ಮಣಿಭಾಯಿ ದೇಸಾಯಿ ಪಶುವೈದ್ಯರಲ್ಲ. 1967ರಲ್ಲಿ ಅವರು ಕಟ್ಟಿದ ಬೈಫ್ ಸಂಸ್ಥೆ ಮಾತ್ರ ಪಶುವೈದ್ಯರ ಕೆಲಸದ ರೀತಿಯನ್ನೇ ತಿರುಗಿಸಿತು. ಅದುವರೆಗೆ ರೈತ ಬೆದೆಗೆ ಬಂದ ಹಸುವನ್ನು ಮೈಲಿಗಟ್ಟಲೆ ನಡೆಸಿಕೊಂಡು ಪಶು ಆಸ್ಪತ್ರೆಗೆ ಬರಬೇಕಿತ್ತು. ತಲುಪುವ ಹೊತ್ತಿಗೆ ಬೆದೆಯೇ ಮುಗಿದಿರುವುದೂ ಉಂಟು. ಬೈಫ್‌ನ ಕಾರ್ಯಕರ್ತ ದ್ರವ ಸಾರಜನಕದ ಜಾಡಿಯನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಕೊಟ್ಟಿಗೆಗೇ ಬಂದ. ಮೈನಸ್ 196 ಡಿಗ್ರಿಯ ಜಾಡಿಯಿಂದ ತೆಗೆದ ನಳಿಕೆಯನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಎಡಗೈಯನ್ನು ಗುದದ್ವಾರದ ಮೂಲಕ ಒಳಹಾಕಿ ಗರ್ಭಕೊರಳನ್ನು ಹಿಡಿದು, ಬಲಗೈಯಲ್ಲಿ ಪಿಚಕಾರಿ ನಡೆಸುವ ಕೆಲಸವದು. ನೋಡುವುದಕ್ಕೆ ಸರಳ, ಕೈಗೆ ಹತ್ತುವುದಕ್ಕೆ ತಿಂಗಳುಗಳ ಅಭ್ಯಾಸ ಬೇಕು. ಕರ್ನಾಟಕದಲ್ಲಿ ಬೈಫ್‌ನ ಅಂಗಸಂಸ್ಥೆ ತಿಪಟೂರಿನಲ್ಲಿ ನೆಲೆಯೂರಿ ಇದೇ ಮಾದರಿಯನ್ನು ಬಯಲುಸೀಮೆಗೆ ತಂದಿತು.

ಮಿಶ್ರತಳಿಯ ಹಸು ಬಂದ ಮೇಲೆ ಅದರ ಜೊತೆ ಅದರ ಕಾಯಿಲೆಗಳೂ ಬಂದವು: ಹಾಲು ಜ್ವರ, ಕೆಚ್ಚಲು ಬಾವು, ಗರ್ಭ ಕಟ್ಟದಿರುವಿಕೆ, ಉಣುಗಿನ ಜ್ವರಗಳು. ಸಂತಾನಶಾಸ್ತ್ರ ಮತ್ತು ಪ್ರಸೂತಿ, ಪಶು ಆಹಾರ, ತಳಿವಿಜ್ಞಾನ ಸ್ನಾತಕೋತ್ತರ ಪದವಿಯ ಬೇಡಿಕೆಯ ವಿಷಯಗಳಾದದ್ದಕ್ಕೆ ಕಾರಣ ಇಲ್ಲಿದೆ. ಇದರ ಇನ್ನೊಂದು ಮುಖ ವೃತ್ತಿಯ ಒಳಜಗಳ. ಕೃತಕ ಗರ್ಭಧಾರಣೆ ಕಲಿತ ಹಳ್ಳಿಯ ಯುವಕ ವೈದ್ಯನೇ, ಸಹಾಯಕನೇ? 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳಿಗೆ ಅವಕಾಶ ಕೊಡುತ್ತದೆ. ಮೇಲ್ವಿಚಾರಣೆ ಎಂದರೆ ಎಷ್ಟು ದೂರದಿಂದ ಎಂಬ ಪ್ರಶ್ನೆ ಕೊಟ್ಟಿಗೆಯಲ್ಲಿ ಇನ್ನೂ ಬಗೆಹರಿದಿಲ್ಲ.

ಕೋಳಿಯ ವೈದ್ಯರ ಕಥೆ ಚಿಕ್ಕದು, ಆದರೆ ಅವರ ಯೋಚನೆಯ ಕ್ರಮವೇ ಬೇರೆ. ವೆಂಕಟೇಶ್ವರ ಹ್ಯಾಚರೀಸ್ ಸಮೂಹ ಮತ್ತು 1982ರಲ್ಲಿ ಬಿ.ವಿ. ರಾವ್ ಮುಂದಾಳತ್ವದಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಪುಣೆಯನ್ನು ಕುಕ್ಕುಟೋದ್ಯಮದ ಒಂದು ರಾಜಧಾನಿಯನ್ನಾಗಿ ಮಾಡಿದವು. ಇಲ್ಲಿನ ವೈದ್ಯ ಒಂದು ಕೋಳಿಗೆ ಚಿಕಿತ್ಸೆ ಕೊಡುವುದಿಲ್ಲ. ಸತ್ತ ನಾಲ್ಕನ್ನು ಕೊಯ್ದು ನೋಡಿ ಇಡೀ ಶೆಡ್ಡಿನ ಬಗ್ಗೆ ತೀರ್ಮಾನಿಸುತ್ತಾನೆ. ಕೊಕ್ಕರೆ ರೋಗದ ಲಸಿಕೆಯ ದಿನ, ಮೇವಿನ ಶಿಲೀಂಧ್ರ ವಿಷ, ಗಾಳಿಯಾಡುವಿಕೆ ಅವನ ಔಷಧಿಪೆಟ್ಟಿಗೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲಿಸುವ ಕಹಿ ಕೆಲಸದ ಉಸ್ತುವಾರಿಯೂ ಪಶುವೈದ್ಯರ ಹೆಗಲಿಗೇ ಬಿತ್ತು.

ವನ್ಯಜೀವಿ ವೈದ್ಯ ಇತ್ತೀಚಿನವನು. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಕಬ್ಬಿನ ಗದ್ದೆಗಳು ಚಿರತೆಯ ಮನೆಯಾದ ಮೇಲೆ ಮಾಣಿಕಡೋಹದಲ್ಲಿ ಚಿರತೆ ರಕ್ಷಣಾ ಕೇಂದ್ರ ಬಂತು. ಬಾವಿಗೆ ಬಿದ್ದ ಚಿರತೆಗೆ ಅರಿವಳಿಕೆಯ ಪ್ರಮಾಣವನ್ನು ದೂರದಿಂದಲೇ, ತೂಕ ಊಹಿಸಿ ನಿರ್ಧರಿಸಬೇಕಾದ ಕೆಲಸಕ್ಕೆ ಕಾಲೇಜಿನಲ್ಲಿ ದನದ ಮೇಲೆ ಕಲಿತ ವಿದ್ಯೆ ಅರ್ಧ ದಾರಿಯಷ್ಟೇ ಬರುತ್ತದೆ. ಸೈನ್ಯದ ಕವಲಂತೂ ಬತ್ತಿಲ್ಲ: ಮೀರತ್‌ನ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಈಗ ಕುದುರೆಯಷ್ಟೇ ನಾಯಿಯನ್ನೂ ನೋಡುತ್ತದೆ, ಬಾಗಲಕೋಟೆಯ ಮುಧೋಳ ತಳಿಯನ್ನೂ ಅಲ್ಲಿ ಪರೀಕ್ಷಿಸಲಾಗಿದೆ.

ಇನ್ನು ಖರಾಡಿ. ಐಟಿ ಕಚೇರಿಗಳೊಂದಿಗೆ ಬಂದ ಬಹುಮಹಡಿ ವಸತಿಗಳಲ್ಲಿ ದನಕ್ಕೆ ಜಾಗವಿಲ್ಲ, ನಾಯಿ ಬೆಕ್ಕುಗಳಿಗೆ ಇದೆ. ಇಲ್ಲಿನ ಒಡೆಯ ಪ್ರಾಣಿಯಿಂದ ಆದಾಯ ನಿರೀಕ್ಷಿಸುವುದಿಲ್ಲ. ಎತ್ತಿನ ಬೆಲೆಗಿಂತ ಚಿಕಿತ್ಸೆಯ ಖರ್ಚು ಹೆಚ್ಚಾದರೆ ರೈತ ಕೈಚೆಲ್ಲಬೇಕಾಗುತ್ತಿತ್ತು. ಸಾಕುನಾಯಿಯ ವಿಷಯದಲ್ಲಿ ಆ ಲೆಕ್ಕವೇ ನಡೆಯುವುದಿಲ್ಲ. ಈ ಒಂದು ವ್ಯತ್ಯಾಸದಿಂದ ನಗರದ ಸಣ್ಣಪ್ರಾಣಿ ಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್, ದಂತ, ಚರ್ಮ, ಮೂಳೆ, ಕ್ಯಾನ್ಸರ್ ಎಂಬ ಒಳಕವಲುಗಳು ಮೂಡಿವೆ. ಅದೇ ಬೀದಿಯ ಬೀದಿನಾಯಿಗೆ ಬೇರೆಯೇ ವೈದ್ಯ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಮತ್ತು ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳ ಪ್ರಕಾರ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡುವುದು ಅವರ ಕೆಲಸ.

ಇಷ್ಟೆಲ್ಲ ಕವಲುಗಳಿದ್ದರೂ ಕಾಯ್ದೆಯ ಕಣ್ಣಿಗೆ ಪಶುವೈದ್ಯ ಒಬ್ಬನೇ. ಐದೂವರೆ ವರ್ಷದ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿಯಲ್ಲಿ ಕೊನೆಯ ಒಂದು ವರ್ಷ ಕಡ್ಡಾಯ ತರಬೇತಿ, ನಂತರ ಪರಿಷತ್ತಿನಲ್ಲಿ ನೋಂದಣಿ. ಬೇಕಾದವರಿಗೆ ಎರಡು ವರ್ಷದ ಎಂ.ವಿ.ಎಸ್ಸಿ. ಅಮೆರಿಕದಲ್ಲಿ ಮಾನ್ಯತೆ ಪಡೆದ 22 ತಜ್ಞಸಂಸ್ಥೆಗಳು ಪರೀಕ್ಷೆ ನಡೆಸಿ ಹೃದ್ರೋಗ, ನೇತ್ರ, ಅರಿವಳಿಕೆ ಮುಂತಾದ ವಿಷಯಗಳಲ್ಲಿ ತಜ್ಞಪಟ್ಟ ಕೊಡುತ್ತವೆ. ಭಾರತದಲ್ಲಿ ಎಂ.ವಿ.ಎಸ್ಸಿ. ವಿಷಯ ಮತ್ತು ಕೈಯ ಅನುಭವವೇ ತಜ್ಞತೆಯ ಗುರುತು. ಹೆಬ್ಬಾಳ, ಬೀದರ್‌ನ ಕಾಲೇಜುಗಳಿಂದ ಹೊರಬಂದವರು ಪುಣೆಯಲ್ಲಿ ವೃತ್ತಿ ಹೂಡಬೇಕಾದರೆ ಕರ್ನಾಟಕದ ನೋಂದಣಿಯನ್ನು ಮಹಾರಾಷ್ಟ್ರ ಪರಿಷತ್ತಿಗೆ ವರ್ಗಾಯಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿಯಿದೆ. ಪುಣೆಯ ದಕ್ಷಿಣಕ್ಕೆ ಶಿರವಳದಲ್ಲಿ 1988ರಲ್ಲಿ ಆರಂಭವಾದ ಸರ್ಕಾರಿ ಪಶುವೈದ್ಯ ಕಾಲೇಜಿನ ಪದವೀಧರರೂ ಇದೇ ಮಾರುಕಟ್ಟೆಗೆ ಬರುತ್ತಾರೆ. ಜಿಲ್ಲಾ ಪಶು ಆಸ್ಪತ್ರೆಯ ಸರ್ಕಾರಿ ನೌಕರಿಗೆ ಹೋಗುವವರಿಗೆ ಎಮ್ಮೆ ಕಟ್ಟಿದವರ ಮರಾಠಿ ಬೇಕೇ ಬೇಕು. ಖರಾಡಿಯ ಕ್ಲಿನಿಕ್ಕಿನಲ್ಲಿ ಹಿಂದಿ, ಇಂಗ್ಲಿಷಿನಲ್ಲೂ ಕೆಲಸ ಸಾಗುತ್ತದೆ.