ಒಂದು ಹೆಸರು, ಹಲವು ಲಿಪಿ: ಮುಸ್ಲಿಂ ನಾಮಾಧ್ಯಯನ ನಡೆದು ಬಂದ ದಾರಿ

2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿ ಹಿಂದಿನ ವರ್ಷ ಹುಟ್ಟಿದ ಮಕ್ಕಳ ಹೆಸರಿನ ಪಟ್ಟಿ ಹೊರಡಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಂಡುಮಕ್ಕಳಲ್ಲಿ ‘ಮುಹಮ್ಮದ್’ ಮೊದಲನೆಯದು. ಆ ಹೆಸರು ಪಡೆದವರು 4,661. ಇದನ್ನು ಜನಸಂಖ್ಯೆಯ ಗಂಡಾಂತರವೆಂದು ಓದಿದವರಿಗೆ ಲೆಕ್ಕವೂ ಗೊತ್ತಿಲ್ಲ, ಹೆಸರಿಡುವ ರೂಢಿಯೂ ಗೊತ್ತಿಲ್ಲ. ಆ ವರ್ಷದ ಗಂಡುಮಕ್ಕಳಲ್ಲಿ ಇದು ನೂರಕ್ಕೆ ಎರಡೂ ಆಗುವುದಿಲ್ಲ. ಉಳಿದವರೆಲ್ಲ ದಿನಕ್ಕೊಂದು ಹೊಸ ಹೆಸರು ಹುಡುಕುವಾಗ, ಹಳೆಯದೊಂದನ್ನೇ ಹಿಡಿದವರ ಹೆಸರು ತಾನಾಗಿ ಮೇಲೇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಬರಕತ್ತಿಗೆಂದು ಮುಂದಿಡುವ ಹೆಸರು. ಮಗುವನ್ನು ಕರೆಯುವುದು ಅದರ ನಂತರ ಬರುವ ಹೆಸರಿನಿಂದ.

ಇಂಥ ತಪ್ಪು ಓದಿಗೆ ಇಂಗ್ಲಿಷಿನಲ್ಲಿ ಹಳೆಯ ಪರಂಪರೆಯೇ ಇದೆ. ಆ ಹೆಸರಿನ ಮಧ್ಯಯುಗದ ರೂಪ ‘ಮಹೌಂಡ್’ ಬೈಗುಳವಾಗಿತ್ತು. ಆಮೇಲೆ ಬಂದ ‘ಮಹೊಮೆಟ್’ ಪ್ರವಾದಿಯವರಿಗೂ ಸಲ್ಲುತ್ತಿತ್ತು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನನಿಗೂ ಸಲ್ಲುತ್ತಿತ್ತು. ತುರ್ಕರು ಮಾತ್ರ ನಾಲಿಗೆಯಲ್ಲೇ ಬೇರೆ ಮಾಡಿಕೊಂಡಿದ್ದರು. ಅರಬಿ ಅಕ್ಷರಗಳಲ್ಲಿ ಎರಡಕ್ಕೂ ಒಂದೇ ಬರವಣಿಗೆ. ಓದುವಾಗ ಪ್ರವಾದಿಯವರು ಮುಹಮ್ಮದ್, ನೆರೆಮನೆಯ ಹುಡುಗ ಮೆಹ್ಮೆದ್. ಬೀದಿಯಲ್ಲಿ ಬೈಯುವಾಗ, ಕೂಗುವಾಗ ಪವಿತ್ರ ನಾಮಕ್ಕೆ ಮೈಲಿಗೆ ತಟ್ಟಬಾರದೆಂಬ ಎಚ್ಚರ ಅದು. 1928ರಲ್ಲಿ ಲ್ಯಾಟಿನ್ ಲಿಪಿ ಬಂದಾಗ ಈ ಭೇದ ಕಾಗದಕ್ಕೂ ಇಳಿಯಿತು. ಕೊನೆಯ ‘ದ’ಕಾರ ಗಟ್ಟಿಯಾಗಿ ‘ಮೆಹ್ಮೆತ್’ ಆಯಿತು. ಇಂದಿಗೂ ಅಲ್ಲಿ ಸಾಮಾನ್ಯ ಸೈನಿಕನಿಗೆ ‘ಮೆಹ್ಮೆತ್‌ಚಿಕ್’ ಎಂದೇ ಅಕ್ಕರೆಯ ಹೆಸರು.

ಇಂಥ ಹೆಸರುಗಳನ್ನು ಅಭ್ಯಸಿಸಿದ ಮೊದಲ ವಿದ್ವಾಂಸರು ಸಂಗ್ರಹಕಾರರು. ಗಾರ್ಸಾಂ ದ ತಾಸಿ 1854ರಲ್ಲಿ ಹೆಸರು, ಬಿರುದುಗಳನ್ನು ವಿಂಗಡಿಸಿದ. ಕಾಯೆತಾನಿ ಮತ್ತು ಗಾಬ್ರಿಯೇಲಿ 1915ರಲ್ಲಿ ರೋಮಿನಿಂದ ಅರಬಿ ಹೆಸರುಗಳ ಮಹಾಕೋಶವೊಂದನ್ನು ಆರಂಭಿಸಿದರು. ಉಪಯುಕ್ತ, ಆದರೆ ನಿರ್ಜೀವ.

ನಮ್ಮ ತಲೆಮಾರಿನ ಕಣ್ಣು ತೆರೆಸಿದವರು ಚರಿತ್ರೆಕಾರ ರಿಚರ್ಡ್ ಬುಲಿಯೆಟ್. 1978ರ ಲೇಖನವೊಂದರಲ್ಲಿ ಅವರು ಟರ್ಕಿಯ ಸಂಸತ್ ಸದಸ್ಯರ ಹೆಸರುಗಳನ್ನು ಹುಟ್ಟಿದ ಕಾಲದ ಪ್ರಕಾರ ಜೋಡಿಸಿ, ಮೆಹ್ಮೆತ್, ಅಹ್ಮೆತ್, ಅಲಿಯಂಥ ಹೆಸರುಗಳ ಏರಿಳಿತದಲ್ಲಿ ರಾಜಕೀಯದ ಬದಲಾವಣೆಯನ್ನು ಓದಿದರು. ಮರುವರ್ಷದ ಪುಸ್ತಕ ಇನ್ನೂ ಧೈರ್ಯದ್ದು: ಇರಾನಿನ ವಿದ್ವಾಂಸರ ವಂಶಾವಳಿಗಳಲ್ಲಿ ಪಾರಸಿ ಹೆಸರು ನಿಂತು ಮುಸ್ಲಿಂ ಹೆಸರು ಶುರುವಾಗುವ ತಲೆಮಾರನ್ನು ಹಿಡಿದು ಮತಾಂತರದ ವೇಗವನ್ನೇ ಅಳೆದರು. ವಂಶಾವಳಿ ಬರೆಸಿಕೊಂಡವರು ಉಳ್ಳವರು, ರೈತರಲ್ಲ ಎಂಬ ಆಕ್ಷೇಪಣೆ ಸರಿಯೇ. ಆದರೂ ಹೆಸರನ್ನು ಎಣಿಸಬಹುದು, ಎಣಿಸಿದರೆ ಅದು ಚರಿತ್ರೆಯಾಗುತ್ತದೆ ಎಂದು ತೋರಿಸಿದ ಶ್ರೇಯಸ್ಸು ಅವರದು. ಆನ್ನೆಮಾರಿ ಶಿಮ್ಮೆಲ್ಲರ 1989ರ ‘ಇಸ್ಲಾಮಿಕ್ ನೇಮ್ಸ್’ ಅದಕ್ಕಿಂತ ರಸವತ್ತಾದ ಓದು; ಅಂಕಾರದಲ್ಲಿ ಪಾಠ ಹೇಳಿದ್ದ ಅವರಿಗೆ ಜನರ ಬಾಯಿಯ ಹೆಸರೂ ಗೊತ್ತಿತ್ತು. ಎಣಿಕೆಗೆ ಮಾತ್ರ ಅವರು ಕೈಹಾಕಲಿಲ್ಲ.

ಈಚಿನವರ ಗಮನ ಸರ್ಕಾರದ ಕಡೆಗೆ. ಮೆಲ್ತೆಮ್ ತುರ್ಕೋಜ್ ಟರ್ಕಿಯ 1934ರ ಕುಲನಾಮ ಕಾನೂನನ್ನು ಜನರ ನೆನಪುಗಳಿಂದ ಬಿಡಿಸಿ ನೋಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಎಲ್ಲ ಹೆಸರಿನ ಹಿಂದೆಯೂ ಸರ್ಕಾರವನ್ನೇ ಕಾಣುವ ಚಾಳಿ ಈಗ ಅತಿಯಾಗಿದೆ. ಅಜ್ಜನ ಹೆಸರು ಮೊಮ್ಮಗನಿಗೆ ಬರಲು ಯಾವ ಕಾನೂನೂ ಬೇಕಿಲ್ಲ.

ಈ ದೊಡ್ಡ ನಕ್ಷೆಯಲ್ಲಿ ದಖ್ಖನ್ ಮಸುಕಾಗಿಯೇ ಉಳಿದಿದೆ. ಬಿಜಾಪುರದ ಯೂಸುಫ್ ಆದಿಲ್ ಶಾಹನು ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ ಮೆಹ್ಮೆದನ ತಮ್ಮ, ಕೊಲೆಯಿಂದ ತಪ್ಪಿಸಿಕೊಂಡು ಬಂದವನು ಎಂದು ಚರಿತ್ರೆಕಾರ ಫೆರಿಶ್ತಾ ಬರೆದ. ಕಥೆ ನಂಬಲು ಕಷ್ಟ. ಆದರೆ ಬಿಜಾಪುರದ ಆಸ್ಥಾನಕ್ಕೆ ಅಂಥ ನಂಟು ಬೇಕಿತ್ತೆಂಬುದು ಸ್ಪಷ್ಟ. ಗೋಳಗುಮ್ಮಟದಲ್ಲಿ ಮಲಗಿರುವ ದೊರೆಯದೂ ಮುಹಮ್ಮದ್ ಎಂಬ ಹೆಸರೇ. ಇತ್ತ ಕನ್ನಡದಲ್ಲಿ ಶಂಬಾ ಜೋಶಿಯವರ ಕಾಲದಿಂದ ಊರಹೆಸರುಗಳ ಅಧ್ಯಯನ ಹುಲುಸಾಗಿ ಬೆಳೆದಿದೆ. ವ್ಯಕ್ತಿನಾಮಗಳಿಗೆ, ಅದರಲ್ಲೂ ಮುಸ್ಲಿಮರ ಮನೆಹೆಸರುಗಳಿಗೆ ಅಷ್ಟು ಆದರ ಸಿಕ್ಕಿಲ್ಲ. ಮಹಮ್ಮದ್, ಮಹಮದ್, ಮೊಹಮ್ಮದ್ ಎಂದು ನಮ್ಮ ದಾಖಲೆಗಳಲ್ಲೇ ಹಲವು ರೂಪಗಳಿವೆ. ಯಾವುದು ಮೇಷ್ಟರ ಬರಹ, ಯಾವುದು ಮನೆಯ ಉಚ್ಚಾರ ಎಂದು ವಿಂಗಡಿಸಬೇಕಾಗಿದೆ. ಹಳೆಯ ಶಾಲೆಗಳ ದಾಖಲಾತಿ ರಿಜಿಸ್ಟರುಗಳು, ಖಬರಸ್ತಾನದ ಕಲ್ಲುಗಳು ಇನ್ನೂ ಓದಲು ಬರುತ್ತವೆ. ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನಿಂದಲೇ ಆರಂಭಿಸಲಿ.